ಎರಡು ಕ್ಲಚ್ಚಿನ ಗಾಡಿಯೂ ನನ್ನ ಎಡಗಾಲೂ

ನಮ್ಮ ಹತ್ತಿರ ಇರುವ ವಸ್ತುವಿನ ಬಗ್ಗೆ ನಮಗೆ ನೂರೆಂಟು ಅನುಮಾನ. ಇಲ್ಲದ ವಸ್ತುವಿನ ಬಗ್ಗೆ ಮಾತ್ರ ಎಳ್ಳಷ್ಟೂ ಅನುಮಾನ ಇರುವುದಿಲ್ಲ. ಮಗು ಅಳುವುದು ಯಾಕೆ ಎಂದು ಹೆತ್ತವರಿಗೆ ಗೊತ್ತಾಗುವುದಿಲ್ಲ, ಮದುವೆಯಾಗದ ಚಿಕ್ಕಪ್ಪನಿಗೆ ಗೊತ್ತಿರುತ್ತದೆ. ನನ್ನ ಮಟ್ಟಿಗೆ ಆ ವಸ್ತು ಸ್ಪೋರ್ಟ್ಸ್ ಕಾರು. ನನ್ನ ಹತ್ತಿರ ಇರುವುದು ದೊಡ್ಡಪ್ಪ ಹತ್ತು ವರ್ಷ ಓಡಿಸಿ, ಮಗನಿಗೆ ಕೊಡಲು ನಾಚಿಕೆಯಾಗಿ ನನಗೆ ಕೊಟ್ಟ ಒಂದು ಪುಟ್ಟ ಕಾರು. ವಿರಾಜಪೇಟೆಯ ಟಯರ್ ಅಂಗಡಿಯಲ್ಲಿ ಊರವರ ಗಾಡಿಗಳ ಚಕ್ರ ನೆಟ್ಟಗೆ ಮಾಡುವ ಕೆಲಸ ನನ್ನದೇ. ಆದರೂ ನನ್ನ ಗಾಡಿ ಯಾಕೆ ಎಡಕ್ಕೆ ಎಳೆಯುತ್ತದೆಂದು ಇವತ್ತಿನವರೆಗೂ ತಿಳಿದಿಲ್ಲ. ಆದರೆ ಕೋಟಿ ರೂಪಾಯಿಯ ಗಾಡಿಗೆ ಎಂಥ ಗೇರ್‌ಬಾಕ್ಸ್ ಇರಬೇಕು ಎಂದು ಕೇಳಿ ನೋಡಿ, ಕೈಯಲ್ಲಿರುವ ಟೀ ತಣ್ಣಗಾಗುವ ತನಕ ಹೇಳುತ್ತೇನೆ.

ನನ್ನ ಸಿದ್ಧಾಂತ ಸರಳ. ಸ್ಪೋರ್ಟ್ಸ್ ಕಾರು ಎಂದರೆ ಮೂರು ಪೆಡಲ್, ಒಂದು ಗೇರ್ ಕೋಲು, ಅದನ್ನು ಹಾಕಲು ಬರುವ ಒಬ್ಬ ಮನುಷ್ಯ. ಈಗಿನ ದುಬಾರಿ ಗಾಡಿಗಳಲ್ಲಿ ಈ ಮೂರೂ ಇಲ್ಲ. ಅವುಗಳ ಜಾಗದಲ್ಲಿ ಡ್ಯುಯಲ್ ಕ್ಲಚ್ ಎಂಬ ಒಂದು ಪೆಟ್ಟಿಗೆ ಬಂದು ಕೂತಿದೆ. ಅದರೊಳಗೆ ಎರಡು ಕ್ಲಚ್ಚು. ಒಂದು, ಮೂರು, ಐದನೇ ಗೇರುಗಳಿಗೆ ಒಂದು; ಎರಡು, ನಾಲ್ಕು, ಆರಕ್ಕೆ ಇನ್ನೊಂದು. ನೀವು ಎರಡನೇ ಗೇರಿನಲ್ಲಿ ಹೋಗುತ್ತಿರುವಾಗಲೇ ಅದು ಮೂರನೆಯದನ್ನು ಹಾಕಿಟ್ಟುಕೊಂಡು ಕಾಯುತ್ತಿರುತ್ತದೆ. ಒಂದು ಕ್ಲಚ್ಚು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ, ರೆಪ್ಪೆ ಮಿಟುಕಿಸುವುದರೊಳಗೆ ಕೆಲಸ ಮುಗಿದಿರುತ್ತದೆ. ಕ್ಲಚ್ ಪೆಡಲ್ ಇಲ್ಲ. ಕೂತವನು ಆಕ್ಸಿಲರೇಟರ್ ಒತ್ತಿದರೆ ಸಾಕು. ಬೇಗ ಆಗುತ್ತದೆ, ಒಪ್ಪಿದೆ. ಬೇಗ ಆಗುವುದೇ ದೊಡ್ಡದಾದರೆ ಊಟದ ಬದಲು ಗ್ಲೂಕೋಸ್ ಹಾಕಿಸಿಕೊಳ್ಳಬಹುದು. ಬೇರೆಯವರು ಅನ್ನ ಕಲಸಿ, ತುತ್ತು ಮಾಡಿ ಬಾಯಿಗಿಟ್ಟ ಮೇಲೆ ‘ಏನು ಊಟ ಮಾಡಿದೆ ಗೊತ್ತಾ’ ಎಂದು ಜಂಬ ಕೊಚ್ಚಿಕೊಂಡ ಹಾಗೆ ಈ ಜನ ಶನಿವಾರ ಸಾಲಾಗಿ ಮಡಿಕೇರಿಗೆ ಬಂದು, ಸ್ಟೇರಿಂಗಿನ ಹಿಂದೆ ಗೇರ್ ಬದಲಿಸಲೆಂದು ಇರುವ ಎರಡು ಕಿವಿಗಳನ್ನು ಚಿಟಿಕೆಯಲ್ಲಿ ಎಳೆದು, ಡ್ರೈವಿಂಗ್ ಮಾಡಿದೆವು ಅನ್ನುತ್ತಾರೆ.

ಇದನ್ನೆಲ್ಲ ನಾನು ನಮ್ಮ ಕಡೆಯ ಗಾಡಿ ಹುಚ್ಚರ ಮೊಬೈಲ್ ಗ್ರೂಪಿನಲ್ಲಿ ಆಗಾಗ ಬರೆಯುತ್ತಿರುತ್ತೇನೆ. ಬರೀ ಬರೆಯುವುದಿಲ್ಲ, ಸಾಧನೆಯನ್ನೂ ಮಾಡುತ್ತೇನೆ. ರೇಸಿನವರು ಬಲಗಾಲಿನ ಮುಂಭಾಗದಲ್ಲಿ ಬ್ರೇಕ್ ಒತ್ತುತ್ತಾ, ಅದೇ ಕಾಲಿನ ಹಿಮ್ಮಡಿಯಲ್ಲಿ ಆಕ್ಸಿಲರೇಟರ್ ತಟ್ಟಿ ಗೇರ್ ಇಳಿಸುತ್ತಾರೆ. ಅದನ್ನು ವಿಡಿಯೋ ನೋಡಿ ನೋಡಿ, ದೊಡ್ಡಪ್ಪನ ಕಾರಿನಲ್ಲಿ, ಹವಾಯಿ ಚಪ್ಪಲಿಯಲ್ಲಿ ಕಲಿತವನು ನಾನು. ಹಾಲು ತರಲು ಹೋಗುವಾಗಲೂ ಹಾಗೇ ಇಳಿಸುತ್ತೇನೆ. ಒಮ್ಮೆ ಚಪ್ಪಲಿ ಪೆಡಲಿನ ಅಡಿಗೆ ಸಿಕ್ಕಿಕೊಂಡು ಹಾಲಿನ ಡೈರಿಯ ಕಟ್ಟೆಯ ತನಕ ಹೋಗಿದ್ದೆ. ಅದನ್ನು ಗ್ರೂಪಿನಲ್ಲಿ ಬರೆದಿಲ್ಲ. ಅಮ್ಮನಿಗೆ ನನ್ನ ಸಿದ್ಧಾಂತದ ಮೇಲೆ ಗೌರವವಿಲ್ಲ. ಯಂತ್ರ ಕೆಲಸ ಮಾಡಿದರೆ ಮನುಷ್ಯನ ಕಲೆ ಸಾಯುತ್ತದೆ ಎಂದು ಒಂದು ಬೆಳಿಗ್ಗೆ ನಾನು ವಿವರಿಸುತ್ತಿದ್ದಾಗ, “ಹೌದೇನೋ? ಹಾಗಾರೆ ಮಿಕ್ಸಿ ಬಿಡು, ಒರಳುಕಲ್ಲು ಹಿತ್ಲಲ್ಲಿ ಐತೆ, ಚಟ್ನಿ ರುಬ್ಕಂಡು ಬಾ. ನಿನ್ ಕಲೆನೂ ಉಳೀತದೆ, ನನ್ ಕರೆಂಟೂ ಉಳೀತದೆ” ಎಂದರು. ತತ್ತ್ವವನ್ನು ಅಡುಗೆಮನೆಗೆ ತರಬಾರದೆಂದು ಹೇಳಿ ಇಡ್ಲಿ ತಿಂದು ಎದ್ದೆ.

ಇಂಥ ನನ್ನನ್ನು ಬಿಟ್ಟಂಗಾಲದ ಬೋಪಣ್ಣ ಅಂಕಲ್ ಹುಡುಕಿಕೊಂಡು ಬಂದರು. ಬೋಪಣ್ಣ ಅಂಕಲ್ ಕಾಫಿ ಬೆಳೆಗಾರರು, ನಮ್ಮ ಅಂಗಡಿಯ ಹಳೆಯ ಗಿರಾಕಿ. ನಲವತ್ತು ವರ್ಷ ಜೀಪು ಓಡಿಸಿ, ಗೇರು ಎಳೆದದ್ದು ಸಾಕು ಮಾರಾಯ ಎಂದು, ಅರುವತ್ತೈದನೇ ವಯಸ್ಸಿನಲ್ಲಿ ಎರಡು ಬಾಗಿಲಿನ ಒಂದು ಜರ್ಮನ್ ಗಾಡಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದರು. ಹಣ್ಣಾದ ಕಾಫಿಯ ಬಣ್ಣ, ಡ್ಯುಯಲ್ ಕ್ಲಚ್. ಗಾಡಿಯ ಹೊಟ್ಟೆ ನೆಲಕ್ಕೆ ತಾಗುತ್ತದೆಂದು ಎಸ್ಟೇಟಿನ ಗೇಟಿನಿಂದ ಗೋಡೌನಿನ ತನಕ ಎರಡು ಪಟ್ಟಿ ಸಿಮೆಂಟು ಹಾಕಿಸಿದ್ದರು. ನಡೆಯುವವರೆಲ್ಲ ಮಣ್ಣಿನಲ್ಲಿ, ಗಾಡಿ ಮಾತ್ರ ಸಿಮೆಂಟಿನಲ್ಲಿ. ಈಗ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ, ಡಾಕ್ಟರು ಒಂದು ತಿಂಗಳು ಸ್ಟೇರಿಂಗ್ ಮುಟ್ಟಬಾರದು ಅಂದಿದ್ದರು. ಗಾಡಿಯನ್ನು ವಾರಕ್ಕೊಮ್ಮೆಯಾದರೂ ಓಡಿಸದಿದ್ದರೆ ಬ್ಯಾಟರಿ ಕೂರುತ್ತದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಲೈಸೆನ್ಸ್ ಇತ್ತು, ಆದರೆ ಆ ತಗ್ಗಿನ ಸೀಟಿನಲ್ಲಿ ಕೂತರೆ ಅವರನ್ನು ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು. ಆದ್ದರಿಂದ ಈ ಭಾನುವಾರ ನಾನು ಅಂಕಲ್ ಅವರನ್ನು ಮಡಿಕೇರಿಗೆ ಕರೆದುಕೊಂಡು ಹೋಗಿ ಬರುವುದು. ನಾನು ಓಡಿಸುವುದು ಅವರಿಗೆ ಹಿಡಿಸಿದರೆ ತಿಂಗಳಿಡೀ ಪ್ರತಿ ಭಾನುವಾರ ಗಾಡಿ ನನ್ನ ಕೈಗೆ.

ಸಿದ್ಧಾಂತ ಏನಾಯಿತು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಶತ್ರುವಿನ ಕೋಟೆಯನ್ನು ಒಳಗೆ ಹೋಗಿ ನೋಡಿ ಬಂದರೆ ಬೈಯಲು ಹೆಚ್ಚು ವಿಷಯ ಸಿಗುತ್ತದೆ ಎಂದು ಉತ್ತರ ಬಂತು. ನಿಜ ಹೇಳಿಬಿಡುತ್ತೇನೆ, ಹುಟ್ಟಿದಾಗಿನಿಂದ ಸ್ಪೋರ್ಟ್ಸ್ ಕಾರಿನ ಟಯರ್ ಬಿಟ್ಟು ಬೇರೆ ಭಾಗ ಮುಟ್ಟಿದವನಲ್ಲ ನಾನು. ಆ ನಾಲ್ಕು ಭಾನುವಾರಗಳಿಗಾಗಿ ಬೇಕಿದ್ದರೆ ಎತ್ತಿನ ಗಾಡಿಯೇ ಶ್ರೇಷ್ಠ ಎಂದೂ ಬರೆದುಕೊಡುತ್ತಿದ್ದೆ.

ಭಾನುವಾರ ಬೆಳಿಗ್ಗೆ ಇದ್ದುದರಲ್ಲಿ ಒಳ್ಳೆಯ ಶೂ ಹಾಕಿಕೊಂಡು ಹೋದೆ. ಅಂಕಲ್ ಕಣ್ಣಿಗೆ ಔಷಧಿ ಬಿಟ್ಟುಕೊಂಡು, ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತರು. ಅವರಿಗೆ ಎಲ್ಲವೂ ಮಂಜು ಮಂಜು. ನನ್ನ ಪುಣ್ಯ ಅಂದುಕೊಂಡೆ. ಯಾಕೆಂದರೆ ವಿರಾಜಪೇಟೆ ದಾಟುವ ಮೊದಲೇ ಒಂದು ತಿರುವಿನಲ್ಲಿ ಗೇರ್ ಇಳಿಸಬೇಕೆಂದು ನನ್ನ ಎಡಗಾಲಿಗೆ ಅನ್ನಿಸಿತು. ನನಗೆ ಅನ್ನಿಸಲಿಲ್ಲ, ಕಾಲಿಗೆ ಅನ್ನಿಸಿತು. ವರ್ಷಗಟ್ಟಲೆ ಕ್ಲಚ್ ಒತ್ತಿದ ಕಾಲು ಅದು, ಯಜಮಾನನನ್ನು ಕೇಳುವ ಅಭ್ಯಾಸವಿಲ್ಲ. ಕ್ಲಚ್ ಇರಬೇಕಾದ ಜಾಗದಲ್ಲಿ ಈ ಗಾಡಿಯಲ್ಲಿ ಮಣೆಯಷ್ಟು ಅಗಲದ ಬ್ರೇಕ್ ಪೆಡಲ್ ಇರುತ್ತದೆ. ಕಾಲು ಅದನ್ನು ನೆಲಕ್ಕೆ ಹತ್ತುವಂತೆ ತುಳಿಯಿತು. ಗಾಡಿ ನಿಂತಿತು. ಅಂಕಲ್ ಅವರ ಕನ್ನಡಕ ಮುಂದೆ ಹೋಗಿ ಗಾಜಿನ ಅಡಿಯಲ್ಲಿ ಕೂತಿತು. ಎಂತ, ಕೋಳಿ ಅಡ್ಡ ಬಂತಾ ಎಂದು ಕೇಳಿದರು. ಹೌದು ಅಂಕಲ್, ಕೋಳಿ ಎಂದೆ. ಕಾಕೋಟುಪರಂಬಿನ ಹತ್ತಿರ ಇನ್ನೊಮ್ಮೆ ತುಳಿಯಿತು. ಅದೂ ಕೋಳಿ. ಮೂರ್ನಾಡಿನ ಹಂಪ್ ಹತ್ತಿರ ಮೂರನೇ ಸಲ ಆದಾಗ ಅವರು ಕನ್ನಡಕವನ್ನು ಹುಡುಕಿ ಜೇಬಿಗೇ ಹಾಕಿಕೊಂಡು, “ಈ ರೋಡಲ್ಲಿ ಇಷ್ಟು ಕೋಳಿ ಯಾವಾಗ ಬಂತು ಮಾರಾಯ” ಎಂದರು.

ಮೇಕೇರಿ ದಾಟಿ ಏರು ಶುರುವಾದಲ್ಲಿ ಗಾಡಿಗಳ ಸಾಲು ನಿಂತಿತ್ತು. ರಜೆ ಸೇರಿಕೊಂಡ ಭಾನುವಾರ, ಮಡಿಕೇರಿಗೆ ಹೋಗುವವರೆಲ್ಲ ಒಟ್ಟಿಗೇ ಹೊರಟಿದ್ದರು. ನನಗೆ ಒಳಗೊಳಗೇ ಸಂತೋಷವಾಯಿತು. ಏರಿನಲ್ಲಿ ಗಾಡಿ ನಿಲ್ಲಿಸುವುದು ನಮ್ಮ ಕಡೆ ಒಂದು ವಿದ್ಯೆ. ನನಗೆ ಕಲಿಸಿದ ಮಾವ ಪಿಕಪ್‌ನ ಹಿಂದಿನ ಚಕ್ರಕ್ಕೆ ತಾಗಿಸಿ ಒಂದು ಕಿತ್ತಳೆಹಣ್ಣು ಇಡುತ್ತಿದ್ದರು. ಬ್ರೇಕ್ ಮುಟ್ಟಬಾರದು, ಹ್ಯಾಂಡ್‌ಬ್ರೇಕ್ ಎಳೆಯಬಾರದು. ಅರ್ಧ ಕ್ಲಚ್ಚಿನಲ್ಲಿ, ಆಕ್ಸಿಲರೇಟರನ್ನು ಹೂವಿನ ಹಾಗೆ ಹಿಡಿದು, ಗಾಡಿ ಹಿಂದಕ್ಕೂ ಬರದೆ ಮುಂದಕ್ಕೂ ಹೋಗದೆ ನಿಲ್ಲಬೇಕು. ಹಣ್ಣು ಅಪ್ಪಚ್ಚಿಯಾದರೆ ಆ ದಿನ ಪಾಠವಿಲ್ಲ. ಒಂದು ಸೀಸನ್ನಿನ ಕಿತ್ತಳೆ ಮುಗಿದ ಮೇಲೆ ನಾನು ಪಾಸಾಗಿದ್ದೆ. ಆ ವಿದ್ಯೆಯನ್ನು ಈಗ ಈ ಯಂತ್ರಕ್ಕೆ ತೋರಿಸುತ್ತೇನೆ ಎಂದು ಬ್ರೇಕಿನಿಂದ ಕಾಲು ತೆಗೆದೆ. ಕ್ಲಚ್ ಪೆಡಲ್ ಇಲ್ಲದಿದ್ದರೇನು, ಆಕ್ಸಿಲರೇಟರ್ ಇದೆಯಲ್ಲ. ನವಿರಾಗಿ ಒತ್ತಿ ಹಿಡಿದೆ. ಕೋಟಿ ರೂಪಾಯಿಯ ಗಾಡಿ ಏರಿನಲ್ಲಿ ಕೆರೆಯೊಳಗಿನ ಎಮ್ಮೆಯ ಹಾಗೆ ಅಲುಗಾಡದೆ ನಿಂತಿತು. ಸಾಲು ಎರಡಡಿ ಸರಿದರೆ ನಾನೂ ಎರಡಡಿ, ಮತ್ತೆ ನಿಲುಗಡೆ. ಅಂಕಲ್ ಗಮನಿಸಲಿ ಎಂದು, ಬ್ರೇಕನ್ನು ಮುಟ್ಟಿಯೇ ಇಲ್ಲ ಎಂದು ಹೇಳಿದೆ. ಅವರು ರೇಡಿಯೋ ಹುಡುಕುತ್ತಿದ್ದರು.

ಕಾಲು ಗಂಟೆ ಹೀಗೆ ಕಳೆದಿರಬೇಕು, ಸುಟ್ಟ ವಾಸನೆ ಬಂತು. ಮುಂದೆ ಒಂದು ಪ್ರವಾಸಿಗಳ ವ್ಯಾನು ಇತ್ತು. ಅದರ ಡ್ರೈವರಿಗೆ ಕ್ಲಚ್ ಬಳಸಲು ಬರುವುದಿಲ್ಲವೆಂದೂ, ಬಯಲುಸೀಮೆಯವರಿಗೆ ಘಟ್ಟದಲ್ಲಿ ಲೈಸೆನ್ಸೇ ಕೊಡಬಾರದೆಂದೂ ಅಂಕಲ್‌ಗೆ ವಿವರಿಸಿದೆ. ವ್ಯಾನು ಸರಿದು ತಿರುವಿನಲ್ಲಿ ಮರೆಯಾಯಿತು. ವಾಸನೆ ಮಾತ್ರ ನಮ್ಮ ಜೊತೆಗೇ ಉಳಿಯಿತು. ಆಮೇಲೆ ಗಾಡಿ ನಡುಗಿತು, ಕುಂಯ್ ಎಂದಿತು, ಎದುರಿನ ಪರದೆಯಲ್ಲಿ ಕೆಂಪು ಅಕ್ಷರ ಬಂತು. ಎಂತ ಬರೆದಿದೆ, ಓದು ಎಂದರು ಅಂಕಲ್. ಗೇರ್‌ಬಾಕ್ಸ್ ತುಂಬಾ ಬಿಸಿಯಾಗಿದೆ, ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಎಂದು ಬರೆದಿತ್ತು. ಆದಷ್ಟು ಸಣ್ಣ ದನಿಯಲ್ಲಿ ಓದಿದೆ.

ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದ್ದಾಯಿತು. ಹೋಗುವವರೆಲ್ಲ ಕಿಟಕಿ ಇಳಿಸಿ ಫೋಟೋ ತೆಗೆದರು. ಮೂರ್ನಾಡಿನ ಕಡೆಯ ಒಬ್ಬ ಜೀಪಿನವನು, ನಮ್ಮ ಗ್ರೂಪಿನಲ್ಲಿ ಇರುವವನೇ, ನಿಧಾನ ಮಾಡಿ “ಏನ್ ಲೋಕಿ, ಕಲೆ ತೋರಿಸ್ತಾ ಇದ್ಯಾ?” ಎಂದು ಕೇಳಿ ಹೋದ. ಅಂಕಲ್ ರೇಡಿಯೋ ಆರಿಸಿದರು. ಏರಿನಲ್ಲಿ ಏನು ಮಾಡಿದೆ ಎಂದು ಕೇಳಿದರು. ಹೇಳಿದೆ.

“ಬ್ರೇಕ್ ಹಿಡಿಯದೆ ಇಷ್ಟು ಹೊತ್ತು ಕ್ಲಚ್ ಉಜ್ಜಿಸಿದ್ಯಲ್ಲ, ಗೇರಿನ ಗಾಡಿ ಆಗಿದ್ರೆ ಒಂದು ಕ್ಲಚ್ ಸುಡ್ತಾ ಇದ್ದೆ” ಎಂದರು. “ಇದ್ರಲ್ಲಿ ಎರಡು ಕೊಟ್ಟಿದಾರೆ ಅಂತ ಎರಡನ್ನೂ ಸುಟ್ಯಾ?”

ಇಲ್ಲಿ ಸುಮ್ಮನಿದ್ದಿದ್ದರೆ ನಾನು ನಾನಾಗಿರುತ್ತಿರಲಿಲ್ಲ. “ಇಲ್ಲ ಅಂಕಲ್. ನಾವು ಒಂದನೇ ಗೇರಲ್ಲಿ ಇದ್ವಲ್ಲ, ಬಿಸಿ ಆಗಿರೋದು ಒಂದು, ಮೂರು, ಐದರ ಕ್ಲಚ್ ಮಾತ್ರ. ಎರಡು, ನಾಲ್ಕು, ಆರರದ್ದು ಆರಾಮಾಗಿದೆ.”

ಅವರು ನನ್ನ ಕಡೆ ತಿರುಗಿದರು. “ಇದೆಲ್ಲ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು ಅಂಕಲ್.”

“ಗೊತ್ತಿದ್ದೂ ಹಿಡ್ಕೊಂಡು ಕೂತಿದ್ಯಾ?”

ನಾಲ್ಕೂ ಭಾನುವಾರಗಳು ಆ ಏರಿನಿಂದ ಒಂದರ ಹಿಂದೊಂದು ಉರುಳಿ ಹೋಗುವುದು ನನಗೆ ಕಾಣಿಸಿತು.

ಮುಕ್ಕಾಲು ಗಂಟೆಯ ಮೇಲೆ ಕೆಂಪು ಅಕ್ಷರ ಹೋಯಿತು. ಗೇರ್‌ಬಾಕ್ಸಿಗೆ ಏನೂ ಆಗಿರಲಿಲ್ಲ, ನನ್ನಂಥವರು ಇರುತ್ತಾರೆಂದು ಜರ್ಮನಿಯಲ್ಲಿ ಮೊದಲೇ ಯೋಚಿಸಿ ಮಾಡಿದ್ದರು. ಮಡಿಕೇರಿ ಬೇಡ, ವಾಪಸ್ ತಿರುಗಿಸು ಎಂದರು ಅಂಕಲ್. ನಾನು ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುವಾಗ, ಎಡಗಾಲಿನ ಶೂ ಬಿಚ್ಚಲು ಹೇಳಿದರು. ಬಿಚ್ಚಿದೆ. “ಈಗ ಆ ಕಾಲನ್ನ ಮಡಚಿ, ಅದರ ಮೇಲೆ ಕೂತ್ಕೊ. ಕೋಳಿಗಳೂ ಬದುಕ್ಲಿ.”

ಸ್ಪೋರ್ಟ್ಸ್ ಸೀಟನ್ನು ಸೊಂಟ ಅಲುಗಾಡದ ಹಾಗೆ ಎರಡೂ ಕಡೆ ಎತ್ತರಿಸಿ ಮಾಡಿರುತ್ತಾರೆ, ಅರ್ಧ ಪದ್ಮಾಸನಕ್ಕೆಂದು ಮಾಡಿರುವುದಿಲ್ಲ. ಹೇಗೋ ತುರುಕಿಕೊಂಡು ಕೂತೆ, ತಲೆ ಛಾವಣಿಗೆ ತಾಗಿತು. ಹಾಗೇ ಹೊರಟೆ. ಮೇಕೇರಿಯಿಂದ ಕೆಳಗೆ ನಮ್ಮ ಬದಿಯ ರಸ್ತೆ ಖಾಲಿ. ಮೂರ್ನಾಡು ದಾಟಿದ ಮೇಲೆ ಒಂದು ನೇರ ರಸ್ತೆಯಲ್ಲಿ ಅಂಕಲ್, ಸ್ವಲ್ಪ ಒತ್ತಿ ನೋಡು ಎಂದರು. ಒತ್ತಿದೆ. ಎರಡನೆಯದು ಯಾವಾಗ ಮೂರಾಯಿತು, ಮೂರು ಯಾವಾಗ ನಾಲ್ಕಾಯಿತು ತಿಳಿಯಲೇ ಇಲ್ಲ. ಹಿಂದಿನಿಂದ ಯಾರೋ ಅಂಗೈಯಲ್ಲಿ ಮೆತ್ತಗೆ ದೂಡಿದ ಹಾಗೆ, ನಡುವೆ ಒಂದು ಚೂರೂ ಉಸಿರು ಬಿಡದೆ ಗಾಡಿ ಹೋಯಿತು. ತಿರುವಿಗೆ ಬ್ರೇಕ್ ಒತ್ತಿದರೆ ತಾನೇ ಗುರ್ ಎಂದು ಗೇರ್ ಇಳಿಸಿಕೊಂಡಿತು. ನಾನು ಎರಡು ವರ್ಷ ಚಪ್ಪಲಿ ಸವೆಸಿ ಕಲಿತದ್ದನ್ನು ಅದು ಕೇಳದೆಯೇ ಮಾಡಿತು, ನನಗಿಂತ ಚೆನ್ನಾಗಿ ಮಾಡಿತು. ಬೇಜಾರಿನ ಸಂಗತಿಯೆಂದರೆ ಚೆನ್ನಾಗಿತ್ತು. ನಗು ಬರುತ್ತಿತ್ತು, ತಡೆದುಕೊಂಡೆ. ಅಂಕಲ್‌ಗೆ ಮಂಜು ಇದ್ದರೂ ನಗು ಕಾಣಿಸಬಹುದು.

ಸಿಮೆಂಟಿನ ಪಟ್ಟಿಯ ಮೇಲೆ ತಪ್ಪದೆ ಹೋಗಿ ಗೋಡೌನಿನ ಎದುರು ನಿಲ್ಲಿಸಿದೆ. ಅಂಕಲ್ ಅವರ ಮನೆಯವರು, ದೇಚಮ್ಮ ಆಂಟಿ, ಕಣದ ಹತ್ತಿರ ಬಂದು ನಿಂತಿದ್ದರು. ಸೋತರೂ ಘನತೆಯಿಂದ ಇಳಿಯಬೇಕೆಂದು ಬಾಗಿಲು ತೆರೆದು, ಬಲಗಾಲು ಊರಿ, ಎಡಗಾಲನ್ನು ಹೊರಗೆ ತೆಗೆದೆ. ಮೂವತ್ತು ಕಿಲೋಮೀಟರ್ ನನ್ನ ಭಾರ ಹೊತ್ತಿದ್ದ ಕಾಲು ಜೋಮು ಹಿಡಿದು ಸತ್ತಿತ್ತು. ನೆಲಕ್ಕೆ ಇಟ್ಟದ್ದೇ ತಡ, ಒಣಗಲು ಹರಡಿದ್ದ ಕಾಫಿಯ ಮೇಲೆ ನಮಸ್ಕಾರ ಹಾಕಿದಂತೆ ಬಿದ್ದೆ. ಒಂದು ಕಾಲಿನಲ್ಲಿ ಮಾತ್ರ ಶೂ ಇತ್ತು.

ಆಂಟಿ ನನ್ನನ್ನು ನೋಡಿ, ಅಂಕಲ್ ಕಡೆ ತಿರುಗಿ, ಹುಡುಗ ಹೇಗೆ ಓಡಿಸ್ತಾನೆ ಎಂದು ಕೇಳಿದರು.

“ಬಲಗಾಲು ಪರವಾಗಿಲ್ಲ” ಎಂದರು ಅಂಕಲ್, ಕನ್ನಡಕ ಒರೆಸುತ್ತಾ. “ಬರೋ ಭಾನುವಾರನೂ ಅದನ್ನ ಬರೋಕೆ ಹೇಳು.”

ಹಾಗೆ ನನಗೆ ಕೆಲಸ ಸಿಕ್ಕಿತು. ಸಿಕ್ಕಿದೆ ಎಂದು ಮನೆಯಲ್ಲಿ ಹೇಳಿದ್ದೇನೆ, ನನ್ನ ಯಾವ ಭಾಗಕ್ಕೆ ಸಿಕ್ಕಿದೆ ಎಂದು ಹೇಳಿಲ್ಲ. ಗ್ರೂಪಿನಲ್ಲಿ ನನ್ನ ಅಭಿಪ್ರಾಯ ಕೂದಲೆಳೆಯಷ್ಟೂ ಬದಲಾಗಿಲ್ಲ: ಎರಡು ಪೆಡಲಿನ ಗಾಡಿ ಓಡಿಸುವುದು ಅರ್ಧ ಡ್ರೈವಿಂಗ್, ಅದನ್ನು ಅರ್ಧ ಮನುಷ್ಯನೂ ಮಾಡಬಹುದು. ಮೊದಲು ಇದನ್ನು ಓದಿ ಬರೆಯುತ್ತಿದ್ದೆ. ಈಗ ಅನುಭವದಿಂದ ಬರೆಯುತ್ತೇನೆ, ಅದೂ ಭಾನುವಾರ ಬಿಟ್ಟು ಉಳಿದ ದಿನ; ಭಾನುವಾರ ನನಗೆ ಕೈ ಖಾಲಿ ಇರುವುದಿಲ್ಲ.