ರೇಡಿಯೊದಲ್ಲಿ ಊಟಕ್ಕೆ ಕರೆದೆ

ಜೇವರ್ಗಿಯಲ್ಲಿ ಖಾನಾವಳಿ ತೆಗೆಯುತ್ತೇನೆ ಅಂದಾಗ ನನ್ನ ಭಾವ, "ಸಾಲಿ ಕಟ್ಟಿ ಹತ್ತದಾಕಿ. ಸುಗ್ಗಿ ಮುಗಿಯೂದರಾಗ ಬಾಗಲಾ ಹಾಕ್ತಾಳ ನೋಡ್ರಿ" ಅಂದಿದ್ದರು. ಅಂಗಡಿ ಬೋರ್ಡು ಓದಿ ಓದಿ ಅಕ್ಷರ ಕಲಿತೆ, ಬಾಗಿಲು ಹಾಕಲಿಲ್ಲ. ಆದರೆ ಈ ರೇಡಿಯೊ ಜಾಹೀರಾತಿನ ಕಾಟ ಮಾತ್ರ ದಿನಕ್ಕೊಂದು ಬಗೆಯಲ್ಲಿ ನಡೆದೇ ಇದೆ. ನನಗೂ ಸಾಕಾಗಿದೆ.

ಮೊಣಕಾಲೆಣ್ಣೆ

ಗಿರಾಕಿಗಳಿಗೆ ಹಾಡು ಬೇಕೆಂದು ರೇಡಿಯೊ ಹಚ್ಚಿಡುತ್ತೇನೆ. ಹಾಡಿಗಿಂತ ಜಾಹೀರಾತೇ ಹೆಚ್ಚು. ಅದರಲ್ಲೊಬ್ಬ ದಿನವಿಡೀ ಕೇಳುತ್ತಾನೆ: "ಅಮ್ಮಾ, ಮೊಣಕಾಲು ನೋವೇ?" ನಮ್ಮಲ್ಲಿ ರೊಟ್ಟಿ ಬಡಿಯುವ ಆಯಿ ಪ್ರತಿ ಸಲ ಕೈ ನಿಲ್ಲಿಸಿ, "ಹೌದಪಾ, ಭಾಳ ನೋಯ್ತದ" ಅನ್ನುತ್ತಾಳೆ. ಹಂಚಿನ ಮೇಲೆ ರೊಟ್ಟಿ ಹೊತ್ತುತ್ತದೆ.

"ಆಯಿ, ಅಂವ ಎಣ್ಣಿ ಮಾರಾಕತ್ತಾನ. ನಿನ್ನ ಕೇಳಾಕತ್ತಿಲ್ಲ" ಅಂದೆ.

"ಮಾರಲಿ ಬಿಡವಾ. ನನ್ನ ಮಕ್ಕಳು ಏನರೆ ಮಾರಾಕಾದರೂ ಕೇಳ್ಯಾರೇನು?"

ಎದುರಿನವರು

ರಸ್ತೆಯ ಆಚೆ ಹೊಸ ಧಾಬಾ ಆದ ಮೇಲೆ ನನ್ನ ಗಿರಾಕಿ ಅರ್ಧಕ್ಕಿಳಿದರು. ಹೀಗೇ ನಡೆದರೆ ಒಲೆ ಆರಿಸಬೇಕು ಅನ್ನುವಾಗ ರೇಡಿಯೊ ಜಾಹೀರಾತಿನ ಏಜೆಂಟ ಬಂದ.

"ಅಕ್ಕಾರ, ಎದುರಿನವರು ಜಾಹೀರಾತು ಕೊಡಾಕತ್ತಾರ್ರಿ. ನೀವು ಸುಮ್ಮ ಕುಂತ್ರ ಮುಗೀತು."

ಮಧ್ಯಾಹ್ನದ ಊಟ ಮುಗಿಸಿ ನಾನು ಧಾಬಾಕ್ಕೇ ಹೋಗಿ ಮಾಲೀಕನನ್ನು ಕೇಳಿದೆ. ಅವನು ನನಗಿಂತ ಹೆದರಿದ್ದ. "ನೀವು ಕೊಡಾಕತ್ತೀರಿ ಅಂದಾನ್ರಿ. ಅದಕ್ಕ ನಾ ಈಗಷ್ಟೇ ಹೂಂ ಅಂದೇನಿ!"

ಅವನು ಕೊಟ್ಟ ಮೇಲೆ ನಾನೂ ಕೊಡಲೇಬೇಕಾಯಿತು. ಏಜೆಂಟ ಸುಳ್ಳು ಹೇಳಿರಲಿಲ್ಲ. ಸ್ವಲ್ಪ ಮುಂಚೆ ಹೇಳಿದ್ದ, ಅಷ್ಟೇ.

ಕರೆ

ಜಾಹೀರಾತಿಗೆ ಬೇರೆ ಯಾರ ದನಿಯೂ ಬೇಡ, ನಾನೇ ಹೇಳುತ್ತೇನೆ ಎಂದು ಹಟ ಹಿಡಿದೆ. ಮದುವೆಗೆ ಕರೆದಂತೆ ಕರೆದೆ: "ಆಳಂದದವರು, ಅಫಜಲಪುರದವರು, ನರೋಣಾದವರು, ಮನಿಮಂದಿ ಎಲ್ಲಾ ಜೇವರ್ಗಿಗೆ ನಮ್ಮಲ್ಲಿ ಊಟಕ್ಕ ಬರ್ರಿ. ತಪ್ಪಸಬ್ಯಾಡ್ರಿ, ದಾರಿ ನೋಡ್ತೇನಿ."

ವಾರ ಕಳೆಯುವುದರೊಳಗೆ ನರೋಣಾದಿಂದ ಟೆಂಪೊ ತುಂಬ ಜನ ಬಂದಿಳಿದರು. ಅವರಲ್ಲಿ ಹಿರಿಯ ಹೆಣ್ಣುಮಗಳು ನನ್ನ ಹಣೆಗೆ ಕುಂಕುಮ ಹಚ್ಚಿ, ಮುಯ್ಯಿಯೆಂದು ರವಿಕೆ ಬಟ್ಟೆಯ ಕುಬಸದ ಕಣ ಕೈಗಿಟ್ಟಳು. ಎಲ್ಲರೂ ಪಂಕ್ತಿಯಲ್ಲಿ ಕುಳಿತು ಉಂಡರು. ಅಷ್ಟು ಜನರನ್ನು ಕಂಡು ಹೈವೇಯ ಲಾರಿಯವರೂ ಬಂದು ಕುಳಿತರು. ನಾನು ಖುಷಿಯಿಂದ ಬಿಲ್ಲು ಹಿಡಿದು ಹೋದೆ.

ಆ ಹೆಣ್ಣುಮಗಳು ಗಟ್ಟಿಯಾಗಿ ಅಂದಳು: "ಇದೇನ ಬೇ ತಂಗಿ? ಊಟಕ್ಕ ಕರದವರು ರೊಕ್ಕ ಕೇಳ್ತಾರೇನು?"

ಲಾರಿಯವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಇವರೂ ಎದ್ದು ಎದುರಿನ ಧಾಬಾಕ್ಕೆ ಹೋದರೆ ನನ್ನ ಕತೆ ಮುಗಿದಂತೆ. ಬಿಲ್ಲು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಹಂಗಲ್ಲಬೇ ಯಕ್ಕಾ, ಇನ್ನೊಂದು ರೊಟ್ಟಿ ಹಾಕ್ಲೇನು ಅಂತ ಕೇಳಾಕ ಬಂದೆ" ಅಂದೆ.

ಹಾಕಿಸಿಕೊಂಡರು.

ಆ ಮಾತನ್ನು ಲಾರಿಯವರು ವಿಜಯಪುರದ ತನಕ ಹೇಳಿಕೊಂಡು ಹೋದರು. ಗಿರಾಕಿ ತಿರುಗಿ ಬಂದರು. ಈಗ ಖಾನಾವಳಿಯ ಜಾಗವೂ ಕಟ್ಟಡವೂ ನನ್ನ ಹೆಸರಿನಲ್ಲಿವೆ. ಅದಕ್ಕೆ ನನ್ನ ಸೊಂಟ ಹೋಯಿತು, ನಿದ್ದೆ ಹೋಯಿತು, ತವರಿನ ಬಂಗಾರ ಹೋಯಿತು. ಮೇಲೆ ನರೋಣಾದ ಬಳಗ ಬೇರೆ ಗಂಟುಬಿತ್ತು. ಈ ದಾರಿ ಹಿಡಿದಾಗಲೆಲ್ಲ ಅವರು ಕುಬಸದ ಕಣ ಕೊಟ್ಟು, ಹೊಟ್ಟೆ ತುಂಬ ಉಂಡು, "ಈಗೀಗ ರೇಡಿಯೊದಾಗ ಯಾಕ ಕರಿಯವಲ್ಲಿ ಬೇ?" ಎಂದು ಬೈದು ಹೋಗುತ್ತಾರೆ.