ವೀರಭದ್ರನ ಎರಡೂ ಹೂವು ಬಿದ್ದವು!

ಬೆಂಗಳೂರಿನ ಆಸ್ಪತ್ರೆಯಲ್ಲಿ ಕೆನ್ನೆಯೊಳಗಿನ ಕ್ಯಾನ್ಸರಿಗೆ ರೇಡಿಯಂ ಇಡಿಸಿಕೊಂಡು, "ಗುಣವಾಗಿದೆ, ಊರಿಗೆ ಹೋಗಿ" ಎಂದು ಡಾಕ್ಟರ ಬಾಯಿಂದಲೇ ಹೇಳಿಸಿಕೊಂಡು ಶಿವಮೊಗ್ಗಕ್ಕೆ ಮರಳಿದಾಗ, ಮುಂದೇನು ಎಂಬ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಭದ್ರಾವತಿಯ ಕಾರ್ಖಾನೆಯಲ್ಲಿ ನನ್ನ ಗುಮಾಸ್ತೆ ಕುರ್ಚಿ ಇತ್ತು. ಹೋಗಿ ಕೂರುವುದು. ಅಷ್ಟೇ!

ರೋಗ ನನ್ನನ್ನು ಬಿಟ್ಟಿತ್ತು. ನಮ್ಮ ಸವಳಂಗ ರಸ್ತೆಯ ಜನ ಬಿಡಲಿಲ್ಲ. ಬಂದವರೆಲ್ಲ ನನ್ನೆದುರಿಗೇ ನನ್ನ ಹೆಂಡತಿಯನ್ನು ಕೇಳುವರು: "ಚೆನ್ನಾಗಿ ತಿಂತಾರಾ?" ನಾನೇನು ಕೊಟ್ಟಿಗೆಯ ಎಮ್ಮೆಯೆ? ಪಕ್ಕದ ಮನೆಯ ರುದ್ರಪ್ಪನಂತೂ, "ಇನ್ನೇನು ಮಾರಾಯ, ರಾಜೀನಾಮೆ ಬಿಸಾಕಿ ಜಗಲಿ ಮೇಲೆ ಶಿವಶಿವಾ ಅಂತ ಕೂತ್ಕೋ" ಎಂದ. ನನಗಿಂತ ಹಿರಿಯ. ತಾನು ಮಾತ್ರ ದಿನಾ ಸೈಕಲ್ ತುಳಿಯುತ್ತಿದ್ದ!

ಹೆಂಡತಿ ಗೌರಮ್ಮನದೂ ಅದೇ ರಾಗ.

"ಕೆಲಸ ಸಾಕ್ರೀ. ಮನೇಲಿರಿ."

"ಮನೇಲಿದ್ದು ಏನ್ ಮಾಡ್ಲಿ? ಅಕ್ಕಿ ಆರಿಸ್ಲಾ?"

"ಆರ್ಸಿ. ಕಲ್ಲು ಸಿಗದಂಗೆ ಆರ್ಸಿದ್ರೆ ಅದೂ ಕೆಲಸಾನೇ."

ಕಡೆಗೆ ದೇವರನ್ನೇ ಕೇಳುವುದೆಂದಾಯಿತು. ವೀರಭದ್ರನ ಗುಡಿಯಲ್ಲಿ ಹೂವಿನ ಪ್ರಸಾದ ಕೇಳುವ ಪದ್ಧತಿ. ದೇವರ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ.

ಪ್ರಸಾದ ಕೇಳುವ ದಿನ ಬೆಳಿಗ್ಗೆಯೇ ಗುಟ್ಟಾಗಿ ಪೂಜೆಯ ಅಯ್ಯನವರನ್ನು ಕಂಡೆ. "ಬಲಗಡೆದು ಸ್ವಲ್ಪ ಸಡಿಲ ಇಡಿ, ಬುದ್ಧಿ." ಭಗವಂತನ ತೀರ್ಪಿಗೇ ಕೈಹಾಕಿದ ಪಾಪಿ ನಾನು, ಈ ಮುದಿ ವಯಸ್ಸಿನಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ. ಅಯ್ಯನವರು ತುಸು ಕೆಮ್ಮಿ, "ಆಗ್ಲಿ" ಎಂದರು. ಆ ಕೆಮ್ಮು ನನಗೆ ಅರ್ಥವಾಗಬೇಕಿತ್ತು.

ಸಂಜೆ ಗೌರಮ್ಮನೊಂದಿಗೆ ಗುಡಿಗೆ ಹೋದೆ. ಮಂಗಳಾರತಿಯಾಯಿತು. "ತಂದೇ, ನಾನು ಕೆಲಸಕ್ಕೆ ಹೋಗಬಹುದೇ?" ಎಂದು ಪರಮ ಮುಗ್ಧನಂತೆ ಕೈಮುಗಿದೆ. ಬಲಗಡೆಯ ಹೂವು ಬಿತ್ತು. ಅದರ ಹಿಂದೆಯೇ ಎಡಗಡೆಯದೂ ಬಿತ್ತು!

ನಾನು ಅಯ್ಯನವರನ್ನು ನೋಡಿದೆ. ಅಯ್ಯನವರು ಗೌರಮ್ಮನನ್ನು ನೋಡಿದರು. ಗೌರಮ್ಮ ನೆಲ ನೋಡಿದಳು.

"ದೇವರ ಮುಂದೆ ಮೋಸ!" ಎಂದು ಗುಡುಗಿದೆ. "ನಾಚಿಕೆ ಆಗಲ್ವೇನೇ?"

"ನಾನು ನಿನ್ನೆ ಬಂದಿದ್ದೆ. ನೀವು ಯಾವಾಗ ಬಂದಿದ್ರಿ?"

ಅಯ್ಯನವರು ಅವಸರದಿಂದ, "ಇನ್ನೊಂದ್ಸಲ ಕೇಳೋಣ. ಈ ಸಲ ಯಾರ ಶಿಫಾರಸೂ ಇಲ್ಲ" ಎಂದು ಹೂವು ಒತ್ತಿ ಅಂಟಿಸಿದರು. ಕಾದೆವು. ಕಾದೇ ಕಾದೆವು. ಒಂದೂ ಅಲುಗಲಿಲ್ಲ.

"ಹಂಗಂದ್ರೆ ಏನು ಬುದ್ಧಿ?"

"ಗಂಡ ಹೆಂಡ್ತಿ ಮನೇಲಿ ಮಾತಾಡ್ಕೊಳ್ಳಿ ಅಂತ. ಏಳಿ, ಬಾಗಿಲು ಹಾಕ್ಬೇಕು."

ದಾರಿಯಲ್ಲಿ ಗೌರಮ್ಮ ಮೆಲ್ಲಗೆ ಹೇಳಿದಳು: "ಆಸ್ಪತ್ರೆ ಹೊರಗೆ ಕಲ್ಲು ಹೂಡಿ ಗಂಜಿ ಕಾಯಿಸ್ತಿದ್ದಾಗ, ಪಕ್ಕದ ಒಲೆಯವಳು ಒಂದಿನ ಬರ್ಲೇ ಇಲ್ಲ. ಅವಳ ಗಂಡ ಹೋಗ್ಬಿಟ್ಟಿದ್ರು. ನೀವು ಕಣ್ಣೆದುರಿಗಿರ್ಲಿ ಅಂದ್ರೆ ತಪ್ಪಾ?"

ನನ್ನ ಸಿಟ್ಟು ಎಲ್ಲಿ ಹೋಯಿತೋ. "ಮನೇಲಿ ಕೂತ್ರೆ ನಾನಿನ್ನೂ ರೋಗೀನೇ ಅನ್ಸುತ್ತೆ ಕಣೆ" ಎಂದೆ. ಅವಳು, "ಒಂದಿನ ಹೋಗಿ ನೋಡಿ. ದಣಿವಾದ್ರೆ ನಿಜ ಹೇಳ್ಬೇಕು" ಎಂದಳು.

ಮರುದಿನ ಇಸ್ತ್ರಿ ಮಾಡಿದ ಕೋಟು ತೊಟ್ಟು, ರುದ್ರಪ್ಪನಿಗೆ ಕಾಣುವಂತೆ ಎದೆಯುಬ್ಬಿಸಿ ಹೊರಟೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು. ತಂಗಾಳಿ. ಯಾರೋ ಭುಜ ಅಲುಗಿಸಿದರು.

"ಯಜಮಾನ್ರೇ, ತರೀಕೆರೆ ಬಂತು. ಭದ್ರಾವತೀಲಿ ಕೂಗಿ ಕೂಗಿ ಸಾಕಾಯ್ತು!" ಎಂದ ಕಂಡಕ್ಟರು.

ಸಂಜೆ ಗೌರಮ್ಮ ಬಾಗಿಲಲ್ಲೇ ಕೇಳಿದಳು: "ಆಫೀಸಲ್ಲಿ ದಣಿವಾಯ್ತಾ?"

"ಒಂದು ಚೂರೂ ಇಲ್ಲ!" ಎಂದೆ. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿಹೊತ್ತಿನವರೆಗೆ ಕೂತು ಬಂದವನಿಗೆ ಆಫೀಸಿನಲ್ಲಿ ದಣಿವು ಹೇಗಾದೀತು?