ಬಸವಂತಪ್ಪನ ಚೀನಾ ಗುಡ್ಡ

ಬಸವಂತಪ್ಪ ಹೇಳಿದ ಸುಳ್ಳು ತೀರಾ ಸಣ್ಣದು. ಹೇಳುವಾಗ ಆತ ಚೀನಾದಲ್ಲಿದ್ದ, ಕೇಳಿಸಿಕೊಂಡ ಹೆಂಡತಿ ವಿಜಯಶ್ರೀ ಕ್ಯಾಲಿಫೋರ್ನಿಯಾದ ಡಬ್ಲಿನ್‌ನಲ್ಲಿದ್ದಳು. ಅಷ್ಟು ದೊಡ್ಡ ಸಮುದ್ರ ದಾಟುವಷ್ಟರಲ್ಲಿ ಇಷ್ಟು ಸಣ್ಣ ಸುಳ್ಳು ಸವೆದು ಮಾಯವಾಗುತ್ತದೆ ಎಂದೇ ಆತ ತಿಳಿದಿದ್ದ.

ನಡೆದದ್ದಿಷ್ಟು. ಆಫೀಸಿನ ಕೆಲಸಕ್ಕೆ ಶಾಂಘೈಗೆ ಹೋಗಿದ್ದವನನ್ನು ಅಲ್ಲಿನ ಸಹೋದ್ಯೋಗಿಗಳು ವಾರದ ಕೊನೆಗೆ ಹುವಾಂಗ್‌ಶಾನ್ ಬೆಟ್ಟಕ್ಕೆ ಕರೆದೊಯ್ದರು. ಅವರು ಕಲ್ಲಿನ ಮೆಟ್ಟಿಲು ಹಿಡಿದರು, ಇವನು ಮೊಣಕಾಲಿನ ನೆಪ ಹೇಳಿ ಕೇಬಲ್ ಕಾರು ಹಿಡಿದ. ಮೇಲೆ ದಟ್ಟ ಮಂಜು. ಜಗತ್ತೆಲ್ಲ ಹೊಗಳುವ ಆ ಬೆಟ್ಟದಲ್ಲಿ ಇವನಿಗೆ ಸ್ಪಷ್ಟವಾಗಿ ಕಂಡದ್ದು ನೂಡಲ್ಸಿನ ಬಟ್ಟಲು ಒಂದೇ. ಅಂದು ಫೋನಿನಲ್ಲಿ ವಿಜಯಶ್ರೀ, "ಗುಡ್ಡಾ ಹತ್ತಿದ್ರೇನು?" ಎಂದಳು. "ಹತ್ತಿದ್ನಲ್ಲ, ಮಂಜಿನಾಗ, ಬುಡದಿಂದ ತುದಿತನಕ" ಎಂದುಬಿಟ್ಟ.

ಬಾಯಿ ತಪ್ಪಿ ಬಂದ ಮಾತಲ್ಲ ಅದು. ಅವನ ರಕ್ತದಲ್ಲಿ ಕೊಬ್ಬು ಹೆಚ್ಚೆಂಬ ವರದಿ ಬಂದ ದಿನದಿಂದ ಮನೆಯಲ್ಲಿ ಓಟ್ಸಿನ ರಾಜ್ಯಭಾರ ನಡೆದಿತ್ತು. ಬೆಳಿಗ್ಗೆ ಓಟ್ಸು, ರಾತ್ರಿ ಓಟ್ಸು, ಹಬ್ಬ ಬಂದರೆ ಅದಕ್ಕೇ ಒಂದು ಒಗ್ಗರಣೆ. ಬಸವಂತಪ್ಪ ಬಾಗಲಕೋಟೆಯವನು, ಬಿಸಿ ರೊಟ್ಟಿ, ಅದರ ಮೇಲೆ ಕರಗುವ ಬೆಣ್ಣೆ, ಇವೆರಡಿಲ್ಲದ ಊಟ ಅವನ ಮಟ್ಟಿಗೆ ಊಟವೇ ಅಲ್ಲ. "ಒಂದರೆ ಗುಡ್ಡಾ ನಿಮ್ಮ ಕಾಲಿಲೆ ಹತ್ತಿ ತೋರಸ್ರಿ, ಆಮ್ಯಾಲೆ ಬೆಣ್ಣಿ ಕೇಳ್ರಿ" ಎಂಬುದು ವಿಜಯಶ್ರೀಯ ಷರತ್ತಾಗಿತ್ತು. ಚೀನಾದಿಂದ ಮರಳಿದ ದಿನ ತಟ್ಟೆಯಲ್ಲಿ ರೊಟ್ಟಿ, ಎಣ್ಣೆಗಾಯಿ, ಬೆಣ್ಣೆ ಎಲ್ಲ ಬಂದು ಕೂತವು. ಅದನ್ನು ನೋಡಿ ಬಸವಂತಪ್ಪನ ಕಣ್ಣು ತುಂಬಿ ಬಂತು.

ಆದರೆ ಗಂಡನ ಪರಾಕ್ರಮವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಹೆಂಗಸಲ್ಲ ವಿಜಯಶ್ರೀ. ಪಕ್ಕದ ಮನೆಯ ಸೌದಾಮಿನಿಗೆ ಹೇಳಿದಳು. ಸೌದಾಮಿನಿ ಗಂಡ ಜಯರಾಜನಿಗೆ ಹೇಳಿದಳು. ಮಂಗಳೂರಿನ ಜಯರಾಜ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹೇಳಿ, ಶುಕ್ರವಾರ ಸಂಜೆ ಬಾಗಿಲಿಗೇ ಬಂದು ನಿಂತ.

"ನಾಳೆ ಬೆಳಿಗ್ಗೆ ಎಲ್ಲರೂ ಫ್ರೀಮಾಂಟಿನ ಮಿಷನ್ ಪೀಕ್ ಗುಡ್ಡೆ ಹತ್ತುದು. ನೀವೇ ಲೀಡರು ಮಾರಾಯ್ರೆ. ಚೀನಾದ ಗುಡ್ಡೆ ಹತ್ತಿದವರಿಗೆ ಇದೆಲ್ಲ ಅಂಗಳ ಇದ್ದ ಹಾಗೆ."

"ನಾಳೆ ಆಗೂದಿಲ್ರಿ. ಮೀಟಿಂಗ್ ಐತಿ."

"ಶನಿವಾರ ಎಂತ ಮೀಟಿಂಗು?"

ಒಳಗಿನಿಂದ ವಿಜಯಶ್ರೀಯ ದನಿ ಕೇಳಿತು. "ಬರ್ತಾರ್ರಿ ಅವರು. ನಾನೂ ಬರ್ತೀನಿ." ಆಮೇಲೆ ಹೊರಬಂದು ಗಂಡನನ್ನು ಒಂದು ನೋಟ ನೋಡಿದಳು. ಹತ್ತದಿದ್ದರೆ ಬೆಣ್ಣೆಯ ಕತೆ ಮುಗಿಯಿತೆಂದು ಆ ನೋಟದಲ್ಲೇ ಬರೆದಿತ್ತು.

ಶನಿವಾರ ಬೆಳಿಗ್ಗೆ ಫ್ರೀವೇ ಇಳಿದು ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿದರೆ ಗುಡ್ಡವೇ ನಾಪತ್ತೆ. ಹಿಂದಿನ ದಿನದ ಮಳೆಗೆ ದಾರಿಯೆಲ್ಲ ಕೆಸರು, ಅದರ ಮೇಲೆ ಹತ್ತಿಯಂಥ ಮಂಜು. ಬಸವಂತಪ್ಪನಿಗೆ ಹೋದ ಜೀವ ಬಂತು.

"ಏನೂ ಕಾಣಿಸ್ತಾನೇ ಇಲ್ಲ, ಕ್ಯಾನ್ಸಲ್ ಮಾಡಿ ಬ್ರೇಕ್‌ಫಾಸ್ಟಿಗೆ ಹೋಗೋಣ್ವಾ?" ಎಂದಳು ಹಂಸಾ. ಅವಳು ಬೆಂಗಳೂರಿನವಳು, ಎಲ್ಲರ ಪಾಲಿನ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದಳು.

ಬಸವಂತಪ್ಪ ಹೂಂ ಅನ್ನುವ ಮೊದಲೇ ಜಯರಾಜ ಬಾಯಿ ಹಾಕಿದ. "ಇವರು ಚೀನಾದಲ್ಲಿ ಇಂಥ ಮಂಜಲ್ಲೇ ಹತ್ತಿದ್ದಲ್ವಾ? ಹೇಗೆ ಹತ್ತಿದ್ದು ಹೇಳಿ ಬಸವಂತಪ್ಪರೇ, ಹಾಗೆಯೇ ಮಾಡುವ."

ಎಲ್ಲರೂ ಇವನತ್ತ ತಿರುಗಿದರು. ಸಿಕ್ಕಿಬಿದ್ದ ಮನುಷ್ಯನ ತಲೆ ಒಮ್ಮೊಮ್ಮೆ ಬಹಳ ಚುರುಕಾಗಿ ಓಡುತ್ತದೆ.

"ಚೀನಾದಾಗ ಲೀಡರ್ ಎಲ್ಲಾರ್ಕಿಂತ ಹಿಂದ ಇರ್ತಾನ್ರಿ. ಮಾತಾಡಬಾರದು, ಯಾರೂ ಯಾರನ್ನೂ ಕಾಯಬಾರದು. ಅವರವರ ಕಾಲು, ಅವರವರ ದಾರಿ. ಫೋನಂತೂ ಮುಟ್ಟಾಂಗಿಲ್ಲ." ಹೀಗೆ ಹೇಳಿ ತನ್ನ ಫೋನನ್ನು ಕಾರಿನಲ್ಲೇ ಬಿಟ್ಟ. ಎಲ್ಲಿದ್ದೀರಿ ಎಂದು ಯಾರಾದರೂ ಕರೆದರೆ ಎಂಬುದೇ ಅವನ ಭಯ.

ಚೀನಾದ ಪದ್ಧತಿ ಎಂದಮೇಲೆ ಅದನ್ನು ಪ್ರಶ್ನಿಸುವವರು ಯಾರು? ಒಬ್ಬೊಬ್ಬರಾಗಿ ಮಂಜಿನೊಳಗೆ ಕರಗಿದರು. ಬಸವಂತಪ್ಪ ಒಂದು ತಿರುವಿನವರೆಗೆ ನಡೆದು, ಬಂಡೆಯೊಂದರ ಮರೆಗೆ ಸರಿದು ನೆಮ್ಮದಿಯಾಗಿ ಕೂತ. ಅವರು ಇಳಿದು ಬರುವಾಗ ಹಿಂದಿನಿಂದ ಸೇರಿಕೊಂಡು ಏದುಸಿರು ಬಿಟ್ಟರೆ ಆಯಿತು.

ಹಾಗೆ ಕೂತು ಕಣ್ಣು ಮುಚ್ಚುವಷ್ಟರಲ್ಲಿ ಬೂಟಿನ ಸಪ್ಪಳ ಕೇಳಿಸಿತು. ಮಂಜಿನಿಂದ ಕೆಂಪು ಟೋಪಿಗಳು ಹೊರಬಂದವು. ಫ್ರೀಮಾಂಟಿನ ಚೀನೀ ಅಜ್ಜ ಅಜ್ಜಿಯರ ದಂಡು, ಎಲ್ಲರಿಗಿಂತ ಮುಂದೆ ಕೋಲು ಹಿಡಿದ ಅಜ್ಜಿ. ಅಜ್ಜಿ ಇವನನ್ನು ನೋಡಿ ಗಕ್ಕನೆ ನಿಂತು ಚೀನೀ ಭಾಷೆಯಲ್ಲಿ ಏನೋ ಕೇಳಿದಳು. ಬಸವಂತಪ್ಪನಿಗೆ ಬರುತ್ತಿದ್ದದ್ದು ಒಂದೇ ಮಾತು. "ಶಿಯೆ ಶಿಯೆ," ಎಂದು ಧನ್ಯವಾದ ಹೇಳಿದ.

ಈ ಮನುಷ್ಯ ಸುಸ್ತಾಗಿ ಜೊತೆಯವರಿಂದ ತಪ್ಪಿಸಿಕೊಂಡಿದ್ದಾನೆ ಎಂದು ಅಜ್ಜಿ ತೀರ್ಮಾನಿಸಿದಳು. ಫ್ಲಾಸ್ಕಿನಿಂದ ಬಿಸಿನೀರು ಕುಡಿಸಿದಳು, ಕೈಗೊಂದು ಕೋಲು ಕೊಟ್ಟಳು, ರಟ್ಟೆ ಹಿಡಿದು ಎಬ್ಬಿಸಿದಳು. "ಸ್ಲೋ ಓಕೆ. ಸ್ಟಾಪ್ ನೋ ಓಕೆ," ಎಂದು ಹಿಂದಿನಿಂದ ಬೆನ್ನಿಗೆ ಕೈ ಕೊಟ್ಟಳು. ಬೇಡವೆನ್ನಲು ಭಾಷೆಯಿಲ್ಲ, ಓಡಿಹೋಗಲು ದಾರಿ ಕಾಣದು. ಕೂತಾಗಲೆಲ್ಲ ಅಜ್ಜಿ ಒಂದು ಒಣ ಪ್ಲಮ್ ಹಣ್ಣು ಬಾಯಿಗಿಟ್ಟು ಮತ್ತೆ ಎಬ್ಬಿಸುತ್ತಿದ್ದಳು. ಎರಡು ಸಲ ಜಾರಿ ಬಿದ್ದ, ಪ್ಯಾಂಟು ಮೊಣಕಾಲಿನವರೆಗೆ ಕೆಸರಾಯಿತು. ಬಾಗಲಕೋಟೆಯ ದೇವರನ್ನೆಲ್ಲ ನೆನೆಯುತ್ತ, ಹುಟ್ಟಿದಾರಭ್ಯ ಏರದ ಏರನ್ನು ಏರಿದ.

ತುದಿಗೆ ಇನ್ನು ಸ್ವಲ್ಪವೇ ಇದೆ ಎನ್ನುವಾಗ ಮಂಜು ಮುಗಿದುಹೋಯಿತು. ಮೇಲೆ ನೀಲಿ ಆಕಾಶ, ಎಳೆ ಬಿಸಿಲು. ಊರು, ಕೊಲ್ಲಿ, ಸೇತುವೆ ಎಲ್ಲವನ್ನೂ ಮುಚ್ಚಿದ ಮಂಜು ಕಾಲ ಕೆಳಗೆ ಹಾಲಿನಂತೆ ಹರಡಿತ್ತು. ಬಸವಂತಪ್ಪ ಕೋಲೂರಿ ಕಣ್ತುಂಬ ನೋಡಿದ. ತನ್ನ ಕಾಲಿನ ಮೇಲೆ ತನಗೇ ಪ್ರೀತಿ ಬಂತು, ವಿಜಯಶ್ರೀ ಪಕ್ಕದಲ್ಲಿರಬೇಕಿತ್ತು ಅನ್ನಿಸಿತು. ತನ್ನವರು ಯಾರೂ ಅಲ್ಲಿರಲಿಲ್ಲ. ಆಗಲೇ ನೋಡಿ ಇಳಿದಿರಬೇಕು. ಚೀನಾದ ಸುಳ್ಳನ್ನು ಈ ನಿಜದಿಂದ ತೊಳೆದುಕೊಂಡೆ ಎಂಬ ಹಗುರದಲ್ಲಿ ಕೆಳಗಿಳಿದ. ಬುಡದಲ್ಲಿ ಅಜ್ಜಿ ಅವನ ಭುಜ ತಟ್ಟಿ, ಕೋಲು ವಾಪಸು ಇಸಿದುಕೊಂಡು ತನ್ನ ದಂಡಿನೊಡನೆ ವ್ಯಾನು ಹತ್ತಿದಳು.

ಅತ್ತ ಪಿಕ್ನಿಕ್ ಮೇಜಿನಲ್ಲಿ ಚಿತ್ರಾನ್ನ ಅರ್ಧ ಖಾಲಿಯಾಗಿತ್ತು.

"ಎಲ್ಲಾರೂ ತುದಿ ಮುಟ್ಟಿದ್ರೇನು?" ಎಂದು ಬಸವಂತಪ್ಪ ಖುಷಿಯಿಂದ ಕೇಳಿದ.

"ಮುಟ್ಟದೆ? ಆದ್ರೆ ಎಂತ ಮಂಜು ಮಾರಾಯ್ರೆ, ಮೇಲೆ ಎಂತದೂ ಕಾಣುದಿಲ್ಲ," ಎಂದ ಜಯರಾಜ.

"ನನ್ನ ಕೈ ನಂಗೇ ಕಾಣಿಸ್ತಿರ್ಲಿಲ್ಲ," ಎಂದಳು ಹಂಸಾ. ಫೋಟೋ ತೆಗೆದಿದ್ದರೂ ಬರೀ ಬಿಳಿಯೇ ಬರುತ್ತಿತ್ತು ಎಂದು ಸೌದಾಮಿನಿ ತಲೆದೂಗಿದಳು.

ಬಸವಂತಪ್ಪ ತಬ್ಬಿಬ್ಬಾದ. "ಮ್ಯಾಲೆ ಚಂದಗೆ ಬಿಸಲಿತ್ತಲ್ರಿ. ಮಂಜೆಲ್ಲ ಕೆಳಗ ಉಳೀತು."

ಎಲ್ಲರೂ ತಂತಮ್ಮ ತಟ್ಟೆಯತ್ತ ಬಗ್ಗಿದರು. ಆಮೇಲೆ ಜಯರಾಜ ಚಿತ್ರಾನ್ನ ನೆತ್ತಿಗೇರುವಂತೆ ನಕ್ಕ. "ಈ ಮಂಜಲ್ಲಿ ಬಿಸಿಲಾ? ನೀವು ಕಾರಲ್ಲಿ ಮಲಗಿ ಕನಸು ಕಂಡದ್ದು."

ಆಗ ಬಸವಂತಪ್ಪನ ಕಣ್ಣು ಅವರ ಬೂಟುಗಳ ಮೇಲೆ ಬಿತ್ತು. ಜಯರಾಜನದು, ಹಂಸಾಳದು, ಸೌದಾಮಿನಿಯದು, ಒಂದಕ್ಕೂ ಅಂಚು ದಾಟಿ ಕೆಸರಿಲ್ಲ. ಯಾರೂ ಯಾರನ್ನೂ ಕಾಯಬಾರದೆಂಬ ಪದ್ಧತಿಯ ಲಾಭವನ್ನು ಎಲ್ಲರೂ ತಂತಮ್ಮ ಬಂಡೆ ಹುಡುಕಿಕೊಂಡು ಪಡೆದಿದ್ದರು. ಹೆಂಡತಿಯಾದರೂ ನಿಜ ಹೇಳಿಯಾಳೆಂದು ಆಸೆಯಿಂದ ವಿಜಯಶ್ರೀಯ ಕಡೆ ತಿರುಗಿದ. ಅವಳ ಬಿಳಿ ಬೂಟು ಅಂಗಡಿಯಿಂದ ಆಗತಾನೇ ತಂದಂತೆ ಹೊಳೆಯುತ್ತಿತ್ತು.

"ನಾನೂ ತುದಿಗೆ ಹೋಗಿದ್ನಲ್ರಿ, ಎಲ್ಲಿ ಬಿಸಲು? ಬರೇ ಮಂಜ," ಎಂದಳು ಅವಳು, ಬೂಟನ್ನು ಮೆಲ್ಲಗೆ ಬೆಂಚಿನಡಿ ಸರಿಸುತ್ತ. ಆಮೇಲೆ ತಗ್ಗಿದ ದನಿಯಲ್ಲಿ, "ಹಂಗಾರ ಚೀನಾದಾಗೂ ಹಿಂಗ ಹತ್ತಿದ್ರೇನು?"

ನಾಲ್ಕು ಜನರೆದುರು ಹೆಂಡತಿಯನ್ನು ಸುಳ್ಳಿ ಎನ್ನುವ ಧೈರ್ಯ ಬಸವಂತಪ್ಪನಿಗಿರಲಿಲ್ಲ. ಪ್ಯಾಂಟಿನ ಕೆಸರು ತೋರಿಸಿದ. ಪಾರ್ಕಿಂಗಿನಲ್ಲೇ ಜಾರಿರಬೇಕು ಎಂದು ಹಂಸಾ ಕನಿಕರಪಟ್ಟಳು. ಇಂದಿನಿಂದ ಬೆಣ್ಣೆ ಬಂದ್, ಓಟ್ಸೇ ಗತಿ ಎಂದು ವಿಜಯಶ್ರೀ ಅಲ್ಲೇ ತೀರ್ಪು ಕೊಟ್ಟಳು.

ಮನೆಗೆ ಮರಳುವಾಗ ಫ್ರೀವೇ ಮೇಲಿನ ಮಂಜು ಚದುರತೊಡಗಿತು. ಪಕ್ಕದಲ್ಲಿ ಗುಡ್ಡದ ತುದಿ ಬಿಸಿಲಿಗೆ ಝಗಮಗಿಸುತ್ತಿತ್ತು. ವಿಜಯಶ್ರೀ ಕಿಟಕಿಯಿಂದ ಅದನ್ನೇ ಬಹಳ ಹೊತ್ತು ನೋಡಿದಳು.

"ಈಗ ಬಿದ್ದೈತಿ ನೋಡ್ರಿ ಬಿಸಲು," ಎಂದಳು ಕೊನೆಗೆ. "ನಾವು ಹೋದಾಗ ಇರಲಿಲ್ಲ."

ಬಸವಂತಪ್ಪ ಗುಡ್ಡವನ್ನೊಮ್ಮೆ ನೋಡಿದ, ಹೆಂಡತಿಯನ್ನೊಮ್ಮೆ ನೋಡಿದ.

"ಹೌದು, ಈಗ ಬಿದ್ದಿರಬೇಕು," ಎಂದ.